ಪೆಟ್ರೋಲ್ ಪೈಪಿನ ಕ್ಲಿಪ್ಪು: ತಂತಿ ಸುತ್ತಿದರೆ ಸಾಲದು

(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಸ್ವಸಹಾಯ ಸಂಘಗಳ ಸದಸ್ಯರು ಹಾಗೂ ವಾಹನ ಚಾಲಕರಿಗಾಗಿ ಏರ್ಪಡಿಸಿದ್ದ ಒಂದು ದಿನದ ತರಬೇತಿಯಲ್ಲಿ ಮಾಡಿದ ಭಾಷಣ)



ಉಳಿತಾಯ, ರಕ್ತಹೀನತೆ, ಮಕ್ಕಳ ಶಾಲೆ ಎಂದು ಮಾತಾಡುವವರು ಇವತ್ತು ಗಾಡಿಯ ಪೈಪಿನ ಬಗ್ಗೆ ಯಾಕೆ ಮಾತಾಡಾಕ ನಿಂತಾರ ಅಂತ ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಕಾರಣ ನಿಮ್ಮ ಸಂಘದ ಸಾಲದ ಪುಸ್ತಕದಲ್ಲೇ ಇದೆ. ಮೊದಲು ಅದರಲ್ಲಿ ಎಮ್ಮೆ, ಹೊಲಿಗೆ ಯಂತ್ರ, ಕಿರಾಣಿ ಅಂಗಡಿ ಇರುತ್ತಿದ್ದವು. ಈಗ ಅವುಗಳ ಜೊತೆಗೆ ಹಳೇ ಓಮ್ನಿ, ಈಕೋ, ಮಾಲು ಸಾಗಿಸುವ ಸಣ್ಣ ಗಾಡಿಗಳೂ ಬಂದಿವೆ. ಕಂತು ತುಂಬುವವಳು ತಾಯಿ, ಓಡಿಸುವವನು ಮಗ, ಒಳಗೆ ಕೂಡುವವು ಊರಿನ ಮಕ್ಕಳು. ಹಳ್ಳಿಗೆ ಹೋಗಿ ಬರುವಾಗ ನಾವೂ ಅದೇ ಗಾಡಿಗಳಲ್ಲಿ ಕೂಡುತ್ತೇವೆ. ಎಷ್ಟೋ ಗಾಡಿಗಳಲ್ಲಿ ಬಾಗಿಲು ತೆಗೆದ ಕೂಡಲೇ ಪೆಟ್ರೋಲಿನ ಘಾಟು ಮೂಗಿಗೆ ಬಡಿಯುತ್ತದೆ. ಕೇಳಿದರೆ, "ಅದು ಹಂಗ ಬರತೈತ್ರಿ ಸಿಸ್ಟರ್, ಹಳೇ ಗಾಡಿ" ಎನ್ನುತ್ತಾರೆ.

ಹಂಗ ಬರೋದಿಲ್ಲ. ಗಾಡಿ ಎಷ್ಟೇ ಹಳೇದಾಗಲಿ, ಒಳಗೆ ಪೆಟ್ರೋಲ್ ವಾಸನೆ ಬರುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಟ್ಯಾಂಕಿನಿಂದ ಇಂಜಿನ್ನಿನವರೆಗೆ ಹೋಗುವ ದಾರಿಯಲ್ಲಿ ಲೋಹದ ನಳಿಗೂ ರಬ್ಬರ್ ಪೈಪಿಗೂ ಕೂಡುವ ಜಾಗಗಳು ಹಲವು ಇವೆ. ಸೋರುವುದು ಹೆಚ್ಚಾಗಿ ಅಲ್ಲೇ. ಆ ಜಾಗವನ್ನು ಬಿಗಿಯಾಗಿ ಹಿಡಿದಿಡುವುದು ಒಂದು ಸಣ್ಣ ಉಂಗುರ, ನಾವು ಕ್ಲಿಪ್ಪು ಅನ್ನುತ್ತೇವೆ, ಕೆಲವರು ಕ್ಲ್ಯಾಂಪ್ ಅನ್ನುತ್ತಾರೆ. ಬೆಲೆ ನೋಡಿದರೆ ಒಂದು ಪ್ಲೇಟ್ ಭಜಿ, ಎರಡು ಕಪ್ ಚಹಾದ ದುಡ್ಡು. ಅದನ್ನು ಉಳಿಸಲು ಹೋಗಿ ಕಟ್ಟುವ ತಂತಿ ಸುತ್ತಿದ ಗಾಡಿಗಳನ್ನು ನಾವು ಈ ಐದೂ ತಾಲೂಕುಗಳಲ್ಲಿ ನೋಡಿದ್ದೇವೆ. ತಂತಿ ಸುತ್ತುವುದನ್ನು ಕೆಲವರು ಕೈಚಳಕ ಅಂತ ತಿಳಕೊಂಡಿದ್ದಾರೆ. ಅದು ಕೈಚಳಕ ಅಲ್ಲ. ತಂತಿ ಒಂದೇ ಗೆರೆಯ ಮೇಲೆ ರಬ್ಬರನ್ನು ಒತ್ತುತ್ತದೆ, ತಿರುವಿದ ಗಂಟಿನ ಹತ್ತಿರ ಬಿಗಿ, ಎದುರು ಬದಿಗೆ ಸಡಿಲು. ಗಾಡಿ ನಡುಗಿದಂತೆಲ್ಲ ರಬ್ಬರನ್ನು ಕೊಯ್ಯುತ್ತದೆ.

ಓಮ್ನಿ ಮತ್ತು ಈಕೋ ವಿಷಯದಲ್ಲಿ ಇನ್ನೊಂದು ಮಾತು ಇದೆ. ಓಮ್ನಿ 1984ರಲ್ಲಿ ಮಾರುತಿ ವ್ಯಾನ್ ಎಂದು ರಸ್ತೆಗೆ ಬಂತು, 2019ರಲ್ಲಿ ತಯಾರಿ ನಿಂತಿತು. ಆದರೂ ನಮ್ಮ ಕಡೆ ಅದು ಇನ್ನೂ ಓಡುತ್ತಿದೆ. 2010ರಲ್ಲಿ ಈಕೋ ಬಂತು. ಈ ಎರಡರಲ್ಲೂ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಬೇರೆ ಕಾರಿನಲ್ಲಿ ಸೋರಿದರೆ ಬಾನೆಟ್ಟಿನ ಕೆಳಗೆ ಸೋರುತ್ತದೆ, ನಡುವೆ ಒಂದು ಗೋಡೆಯಾದರೂ ಇರುತ್ತದೆ. ಇಲ್ಲಿ ಡ್ರೈವರನ ತೊಡೆಯ ಕೆಳಗೇ ಎಲ್ಲ. ಶಾಲೆಯ ಹೊತ್ತಿಗೆ ಮುಂದಿನ ಸೀಟಿನಲ್ಲಿ ಮೂರು ಮಕ್ಕಳನ್ನು ಒತ್ತಿ ಕೂಡಿಸುವವರು ಇದನ್ನು ಮರೀಬಾರದು.

ಈಗ ಒತ್ತಡದ ಮಾತು. ಇದು ಅರ್ಥ ಆದರೆ ಉಳಿದದ್ದು ತಾನೇ ಅರ್ಥ ಆಗುತ್ತದೆ. ಮೊದಲಿನ ಗಾಡಿಗಳಲ್ಲಿ ಕಾರ್ಬುರೇಟರ್ ಇತ್ತು. ಅದಕ್ಕೆ ಹೋಗುವ ಪೈಪಿನಲ್ಲಿ ಪೆಟ್ರೋಲಿನ ಒತ್ತಡ ತೀರಾ ಕಡಿಮೆ, ಸುಮಾರು 3ರಿಂದ 6 ಪಿಎಸ್‌ಐ. ಸೋರಿದರೂ ಹನಿ ಹನಿಯಾಗಿ ಸೋರುತ್ತಿತ್ತು. ಈಗಿನ ಕಾರುಗಳಲ್ಲಿ ಇಂಜೆಕ್ಷನ್. ಟ್ಯಾಂಕಿನಲ್ಲೇ ಕರೆಂಟಿನ ಪಂಪು ಕೂತು ಪೆಟ್ರೋಲನ್ನು ದಬ್ಬುತ್ತದೆ. ಒತ್ತಡ ಸಾಮಾನ್ಯವಾಗಿ 40ರಿಂದ 60 ಪಿಎಸ್‌ಐ, ಅಂದರೆ ಕಾರಿನ ಟೈರಿಗೆ ಹಾಕುವ ಗಾಳಿಗಿಂತ ಹೆಚ್ಚು. ಇಲ್ಲಿ ಕೀಲು ಸಡಿಲಾದರೆ ಹನಿಯಲ್ಲ, ಔಷಧ ಹೊಡೆಯುವ ಪಂಪಿನ ಹಾಗೆ ತುಂತುರು ಸಿಡಿಯುತ್ತದೆ. ಕಾರ್ಬುರೇಟರ್ ಗಾಡಿಯ ಕಾಲದಲ್ಲಿ ಕಲಿತ ಮೇಸ್ತ್ರಿ ಅದೇ ಪೈಪು, ಅದೇ ಕ್ಲಿಪ್ಪನ್ನು ಇಂಜೆಕ್ಷನ್ ಗಾಡಿಗೂ ಹಾಕಿದರೆ ಅಪಾಯ ಶುರುವಾಗುವುದು ಅಲ್ಲಿಂದಲೇ. ಅಂದು ನಡೆದದ್ದು ಇಂದು ನಡೆಯೋದಿಲ್ಲ.

ಅಂಗಡಿಯಲ್ಲಿ ಸಿಗುವ ಕ್ಲಿಪ್ಪುಗಳನ್ನು ಇಲ್ಲಿ ಟೇಬಲ್ಲಿನ ಮೇಲೆ ಇಟ್ಟಿದ್ದೇವೆ, ಕೈಗೆ ತಗೊಂಡು ನೋಡ್ರಿ.

ಎಲ್ಲರಿಗೂ ಪರಿಚಯ ಇರುವುದು ಈ ಪಟ್ಟಿ ಕ್ಲಿಪ್ಪು. ಪಟ್ಟಿಯ ಉದ್ದಕ್ಕೂ ಸೀಳು ಕೊರೆದಿರುತ್ತಾರೆ, ಸ್ಕ್ರೂ ತಿರುವಿದರೆ ಸೀಳಿನಲ್ಲಿ ಹಲ್ಲು ಕಚ್ಚಿಕೊಂಡು ಪಟ್ಟಿ ಬಿಗಿಯುತ್ತದೆ. ಬ್ರಿಟಿಷ್ ನೌಕಾಪಡೆಯಲ್ಲಿದ್ದ ಲಮ್ಲಿ ರಾಬಿನ್ಸನ್ ಎಂಬವರು 1921ರಲ್ಲಿ ಪೇಟೆಂಟ್ ಪಡೆದ ಜುಬಿಲಿ ಕ್ಲಿಪ್ಪಿನ ವಂಶದ್ದು ಇದು. ರೇಡಿಯೇಟರಿನ ನೀರಿನ ಪೈಪಿಗೆ ಒಳ್ಳೇದು. ಬೋರಿನ ಪೈಪಿಗೂ ನಾವು ಇದನ್ನೇ ಹಾಕುತ್ತೇವೆ. ಆದರೆ ಪೆಟ್ರೋಲ್ ಪೈಪು ಬೆರಳಿನಷ್ಟು ದಪ್ಪ. ಅಷ್ಟು ಸಣ್ಣ ಸುತ್ತಳತೆಗೆ ಈ ಪಟ್ಟಿ ಪೂರಾ ದುಂಡಗೆ ಕೂಡೋದಿಲ್ಲ, ಸ್ಕ್ರೂ ಇರುವ ಗೂಡಿನ ಕೆಳಗೆ ಚಪ್ಪಟೆಯಾಗಿ ಉಳಿಯುತ್ತದೆ. ಅಲ್ಲಿ ಒತ್ತು ಕಡಿಮೆ. ಮೇಲಾಗಿ ಬಿಗಿದಷ್ಟೂ ರಬ್ಬರು ಆ ಸೀಳುಗಳೊಳಗೆ ಉಬ್ಬಿ ಬರುತ್ತದೆ, ಸೀಳಿನ ಅಂಚು ಅದನ್ನು ತುರೀ ಮಣೆಯ ಹಾಗೆ ತುರಿಯುತ್ತದೆ. ಬಿಚ್ಚಿ ನೋಡಿದರೆ ಪೈಪಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಗಾಯ ಇರುತ್ತವೆ. ಅಂಥ ಪೈಪನ್ನು ಮತ್ತೆ ಹಾಕಬ್ಯಾಡ್ರಿ.

ಇಂಜೆಕ್ಷನ್ ಗಾಡಿಯ ರಬ್ಬರ್ ಪೈಪಿಗೆ ಬೇಕಾದದ್ದು ಈ ಎರಡನೆಯದು. ಪಟ್ಟಿಯಲ್ಲಿ ಸೀಳು ಇಲ್ಲ, ಒಳಮೈ ನುಣುಪು, ಎರಡೂ ಅಂಚು ಹೊರಗೆ ಮಡಚಿದೆ. ಮೇಲೆ ಸಣ್ಣ ಬೋಲ್ಟು ನಟ್ಟು. ಅಂಗಡಿಯಲ್ಲಿ "ಫ್ಯುಯೆಲ್ ಇಂಜೆಕ್ಷನ್ ಕ್ಲ್ಯಾಂಪ್" ಅಂತ ಹೆಸರು ಹಿಡಿದು ಕೇಳ್ರಿ. ಬರೇ "ಒಂದು ಕ್ಲಿಪ್ಪು ಕೊಡು" ಅಂದರೆ ಅಂಗಡಿಯವನು ಕೈಗೆ ಸಿಕ್ಕಿದ್ದನ್ನು ಕೊಡುತ್ತಾನೆ, ಅದು ಅವನ ತಪ್ಪಲ್ಲ. ಚಿಕ್ಕೋಡಿಯಲ್ಲೋ ಅಥಣಿಯಲ್ಲೋ ಸಿಗದಿದ್ದರೆ ಮೀರಜ್, ಕೊಲ್ಹಾಪುರಕ್ಕೆ ಸಾಮಾನು ತರಲು ಹೋಗುವವರ ಕಡೆ ನಾಲ್ಕು ಹೆಚ್ಚಿಗೆ ತರಿಸಿ ಇಟ್ಟುಕೊಳ್ಳಿರಿ.

ಸ್ಪ್ರಿಂಗ್ ಕ್ಲಿಪ್ಪು ಮೂರನೆಯದು. ಪಕ್ಕಡದಿಂದ ಎರಡು ಕಿವಿ ಒತ್ತಿದರೆ ಅಗಲ ಆಗುವಂಥದ್ದು. ಇದನ್ನು ನೋಡಿ ಕೆಲವರು ನಗುತ್ತಾರೆ, ಸ್ಕ್ರೂ ಇಲ್ಲ, ಇದೇನು ಹಿಡಿದೀತು ಅಂತ. ಆದರೆ ಇದಕ್ಕೊಂದು ಗುಣ ಇದೆ. ಕಾದಾಗ ರಬ್ಬರು ಉಬ್ಬುತ್ತದೆ, ತಣಿದಾಗ ಕುಗ್ಗುತ್ತದೆ, ಸ್ಪ್ರಿಂಗು ಅದರ ಜೊತೆಗೇ ಹಿಗ್ಗಿ ಕುಗ್ಗಿ ಹಿಡಿತ ಬಿಡುವುದಿಲ್ಲ. ಕಂಪನಿಯವರು ಎಲ್ಲಿ ಇದನ್ನು ಹಾಕಿದ್ದಾರೋ ಅಲ್ಲಿ ಅದೇ ಅಳತೆಯ ಇದನ್ನೇ ಹಾಕಬೇಕು. ತುಕ್ಕು ಹಿಡಿದು ಬಲ ಕಳಕೊಂಡಿದ್ದರೆ ಹೊಸದು ತರಬೇಕು. ಇನ್ನು ಕಿವಿಯನ್ನು ಇಕ್ಕಳದಿಂದ ಚಿವುಟಿ ಬಿಗಿಯುವ ಒಂದು ಜಾತಿ ಇದೆ, ಅದು ಒಂದೇ ಸಲಕ್ಕೆ. ಬಿಚ್ಚಿದ ಮೇಲೆ ಮತ್ತೆ ಚಿವುಟಿ ಕೂಡಿಸುವಂಥದ್ದಲ್ಲ.

ಅಳತೆಯಲ್ಲಿ ಬಹಳ ಜನ ಎಡವುತ್ತಾರೆ. ಪೈಪು ಕೊಳ್ಳುವಾಗ ಹೇಳುವ ಅಳತೆ ಒಳಗಿನ ತೂತಿನದು. ಕ್ಲಿಪ್ಪು ಕೂಡುವುದು ಹೊರಮೈ ಮೇಲೆ. 8 ಮಿ.ಮೀ. ಪೈಪಿಗೆ 8 ಮಿ.ಮೀ. ಕ್ಲಿಪ್ಪು ಕೇಳಿದರೆ ಅದು ಮೇಲೆ ಏರೋದೇ ಇಲ್ಲ. ರಬ್ಬರಿನ ದಪ್ಪ ಎರಡೂ ಬದಿ ಸೇರಿ ಹೊರ ಅಳತೆ 14 ಮಿ.ಮೀ. ಆಸುಪಾಸು ಆಗುತ್ತದೆ, ಆಗ 13-15 ಎಂದು ಅಚ್ಚು ಹಾಕಿದ ಕ್ಲಿಪ್ಪು ಬೇಕು. ಪೈಪನ್ನು ನಳಿಗೆ ಏರಿಸಿದ ಮೇಲೆಯೇ ಹೊರ ಅಳತೆ ತೆಗೆಯಿರಿ, ಯಾಕಂದರೆ ಏರಿಸಿದಾಗ ರಬ್ಬರು ತುಸು ಹಿಗ್ಗುತ್ತದೆ. ದೊಡ್ಡ ಕ್ಲಿಪ್ಪು ತಂದು ಕಡೇತನಕ ಬಿಗಿಯುವುದು ಬೇಡ. ಬೋಲ್ಟಿನ ಎರಡು ತುದಿ ಒಂದಕ್ಕೊಂದು ತಾಗಿದ ಮೇಲೆ ಕೈಗೆ ಬಿಗಿ ಅನಿಸುತ್ತದೆ, ಪೈಪಿಗೆ ಬಿಗಿ ಆಗಿರೋದಿಲ್ಲ.

ಕೂಡಿಸುವ ಜಾಗ. ಲೋಹದ ನಳಿಯ ತುದಿಯಲ್ಲಿ ಒಂದು ಉಬ್ಬು ಇರುತ್ತದೆ, ಬೆರಳಾಡಿಸಿದರೆ ಗೊತ್ತಾಗುತ್ತದೆ. ರಬ್ಬರ್ ಪೈಪು ಆ ಉಬ್ಬನ್ನು ದಾಟಿ ಸುಮಾರು ಒಂದು ಇಂಚು ಒಳಗೆ ಹೋಗಬೇಕು. ಕ್ಲಿಪ್ಪು ಉಬ್ಬಿನ ಆಚೆ, ಪೈಪಿನ ಕೊನೆಯಿಂದ 3-4 ಮಿ.ಮೀ. ಬಿಟ್ಟು ಕೂಡಬೇಕು. ಉಬ್ಬಿನ ಮೇಲೇ ಕೂಡಿಸಿದರೆ ಅದು ಜಾರುತ್ತದೆ. ತೀರಾ ತುದಿಗೆ ಕೂಡಿಸಿದರೆ ಅರ್ಧ ಪಟ್ಟಿ ಗಾಳಿಯಲ್ಲಿ. "ಒಂದರ ಬದಲು ಎರಡು ಹಾಕಿದರ ಗಟ್ಟಿ ಅಲ್ಲೇನ್ರಿ?" ಅಂತ ಕೇಳುತ್ತಾರೆ. ನಳಿ ಉದ್ದ ಇಲ್ಲದ ಕಡೆ ಎರಡನೆಯ ಕ್ಲಿಪ್ಪಿನ ಒಳಗೆ ಲೋಹವೇ ಇರುವುದಿಲ್ಲ, ಅದು ಬರೇ ರಬ್ಬರನ್ನು ಹಿಸುಕುತ್ತದೆ. ಸರಿಯಾದ ಒಂದು ಸಾಕು.

ಎಷ್ಟು ಬಿಗಿಯಬೇಕು? ಪಟ್ಟಿಯ ಅಂಚಿನಿಂದ ರಬ್ಬರು ಉಕ್ಕಿ ಬಂತೆಂದರೆ ಹೆಚ್ಚಾಯಿತು. ಕ್ಲಿಪ್ಪು ಕೈಯಿಂದ ತಿರುಗಿಸಿದರೆ ತಿರುಗುವ ಹಾಗಿದ್ದರೆ ಕಡಿಮೆಯಾಯಿತು. ಉದ್ದ ಹಿಡಿಕೆಯ ಪಾನಾ ಬೇಡ, ಸಣ್ಣ ಸ್ಕ್ರೂ ಡ್ರೈವರ್ ಸಾಕು, ತೋಳಿನ ಬಲ ಅಲ್ಲ, ಮಣಿಕಟ್ಟಿನ ಬಲ. ಹೊಸ ರಬ್ಬರು ಒತ್ತಿದ ಹಾಗೆ ಕೂಡುತ್ತದೆ, ಹೀಗಾಗಿ ಇಂಜಿನ್ ಒಮ್ಮೆ ಕಾದು ತಣಿದ ಮೇಲೆ ಒಂದು ಸಲ, ವಾರ ಕಳೆದ ಮೇಲೆ ಇನ್ನೊಂದು ಸಲ ಕೈಯಾಡಿಸಿ ನೋಡಬೇಕು. ತವಂದಿ ಘಾಟ್ ಏರಿ ಬಂದ ಕೂಡಲೇ ಕಾದ ಇಂಜಿನ್ನಿಗೆ ಕೈ ಹಾಕಬ್ಯಾಡ್ರಿ, ತಣಿಯಲಿ.

ಕ್ಲಿಪ್ಪು ಎಷ್ಟೇ ಒಳ್ಳೇದಿದ್ದರೂ ಪೈಪು ಕೆಟ್ಟದ್ದಾದರೆ ಏನೂ ಉಪಯೋಗ ಇಲ್ಲ. ಅಥಣಿ ಕಡೆ ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯುವ ನಳಿಯನ್ನು ಕತ್ತರಿಸಿ ಗಾಡಿಗೆ ಹಾಕಿದ್ದನ್ನು ನಾವು ಕಂಡಿದ್ದೇವೆ. ಪಾರದರ್ಶಕ ಪ್ಲಾಸ್ಟಿಕ್ ನಳಿಯನ್ನೂ ಕಂಡಿದ್ದೇವೆ. ಅವು ಪೆಟ್ರೋಲಿಗೆ ಮಾಡಿದವಲ್ಲ, ಕೆಲವೇ ದಿನಗಳಲ್ಲಿ ಕಡ್ಡಿಯಂತೆ ಬಿರುಸಾಗಿ ಬಿರಿಯುತ್ತವೆ. ಒಳ್ಳೆಯ ಪೆಟ್ರೋಲ್ ಪೈಪಿನ ಮೈಮೇಲೆ ಇಂಗ್ಲಿಷಿನಲ್ಲಿ ಅಚ್ಚು ಇರುತ್ತದೆ: ಎಸ್‌ಎಇ ಜೆ30, ಅದರ ಮುಂದೆ ಆರ್7 ಅಥವಾ ಆರ್9. ಆರ್7 ಕಾರ್ಬುರೇಟರಿನ ಕಡಿಮೆ ಒತ್ತಡಕ್ಕೆ, ಆರ್9 ಇಂಜೆಕ್ಷನ್ನಿಗೆ. ಓದಲು ಬರದಿದ್ದರೆ ಮಗಳ ಕಡೆ ಓದಿಸ್ರಿ. ಅಚ್ಚೇ ಇಲ್ಲದ ಪೈಪಾದರೆ ಅಂಗಡಿಯಲ್ಲೇ ಬಿಟ್ಟು ಬರ್ರಿ.

ಇಲ್ಲಿ ನಮ್ಮ ಕಬ್ಬಿನ ಮಾತೂ ಬರುತ್ತದೆ. ಉಗಾರದಲ್ಲಿ 1939ರಿಂದ ಸಕ್ಕರೆ ಕಾರ್ಖಾನೆ ಇದೆ, ಸುತ್ತ ಇನ್ನೆಷ್ಟೋ ಆಗಿವೆ. ನಾವು ಬೆಳೆದ ಕಬ್ಬಿನಿಂದ ಈಗ ಬರೇ ಸಕ್ಕರೆ ಅಲ್ಲ, ಎಥೆನಾಲ್ ಕೂಡ ಆಗಿ ಪೆಟ್ರೋಲಿಗೆ ಸೇರುತ್ತದೆ. 2022ರಲ್ಲಿ ದೇಶದಲ್ಲಿ ನೂರಕ್ಕೆ 10 ಪಾಲು ಬೆರೆಸುವ ಗುರಿ ಮುಟ್ಟಿತು, 2025ರಲ್ಲಿ 20 ಪಾಲಿಗೆ ಬಂತು. ರೈತನಿಗೆ ಇದರಿಂದ ಅನುಕೂಲ ಇದೆ, ಅದನ್ನು ನಾವು ಬೇಡ ಅನ್ನುವುದಿಲ್ಲ. ಆದರೆ ಎಥೆನಾಲು ಹಳೇ ಜಾತಿಯ ರಬ್ಬರನ್ನು ಉಬ್ಬಿಸುತ್ತದೆ, ಮೆತ್ತಗೆ ಮಾಡುತ್ತದೆ, ಒಣಗಿದಾಗ ಬಿರುಕು ಬಿಡಿಸುತ್ತದೆ. ಉಬ್ಬಿ ಕುಗ್ಗಿದ ರಬ್ಬರಿನ ಮೇಲೆ ಮೊದಲು ಬಿಗಿಯಾಗಿದ್ದ ಕ್ಲಿಪ್ಪು ಸಡಿಲಾಗುತ್ತದೆ. 2023ರ ಏಪ್ರಿಲ್ ನಂತರದ ಗಾಡಿಗಳಲ್ಲಿ ಇದಕ್ಕೆ ತಕ್ಕ ರಬ್ಬರು ಹಾಕಿ ಕೊಡುತ್ತಾರೆ. ಹಳೇ ಗಾಡಿಗಳಲ್ಲಿ 20-30 ಸಾವಿರ ಕಿ.ಮೀ. ಓಡಿದ ಮೇಲೆ ಕೆಲವು ರಬ್ಬರ್ ಭಾಗ ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿತ್ತು. ನಮ್ಮ ಸಂಘದ ಗಾಡಿಗಳು ಬಹುತೇಕ ಎಲ್ಲವೂ ಹಳೇವೇ. ಪೈಪು ಬದಲಿಸುವಾಗ ಕ್ಲಿಪ್ಪೂ ಹೊಸದೇ ಇರಲಿ.

ಹೊಸ ಮಾದರಿ ಕಾರುಗಳಲ್ಲಿ ರಬ್ಬರಿನ ಬದಲು ಗಟ್ಟಿ ಪ್ಲಾಸ್ಟಿಕ್ ನಳಿ ಇದ್ದು, ಟಕ್ಕನೆ ಕೂಡುವ ಕೀಲು ಇರುತ್ತದೆ. ಅದು ಮುರಿದರೆ ನಡುವೆ ಕತ್ತರಿಸಿ ರಬ್ಬರ್ ತುಂಡು ತೂರಿಸಿ ಕ್ಲಿಪ್ಪು ಹಾಕುವ ರೂಢಿ ಶುರುವಾಗಿದೆ. ನುಣುಪಾದ ಪ್ಲಾಸ್ಟಿಕ್ಕಿಗೆ ಉಬ್ಬು ಇಲ್ಲ, ಹಿಡಿತವೂ ಇಲ್ಲ. ಅಲ್ಲಿ ಅದೇ ಕಂಪನಿಯ ನಳಿಯನ್ನೇ ತರಬೇಕು. ಸಿಎನ್‌ಜಿ, ಎಲ್‌ಪಿಜಿ ಕಿಟ್ಟಿನ ಪೈಪಿಗಂತೂ ಅಧಿಕೃತ ಕೇಂದ್ರದವರ ಹೊರತು ಯಾರೂ ಕೈ ಹಚ್ಚಬಾರದು, ಈ ಮಾತನ್ನು ಇಲ್ಲಿಗೇ ಬಿಡೋಣ.

ಟ್ರ್ಯಾಕ್ಟರ್ ಅಣ್ಣಂದಿರು ಹಿಂದೆ ಕುಂತು, ನಮಗೇನು, ನಮ್ಮದು ಡೀಸೆಲ್ ಅಂತ ನಗುತ್ತಿದ್ದಾರೆ. ಹೌದು, ಡೀಸೆಲ್ ಅಷ್ಟು ಬೇಗ ಹೊತ್ತೋದಿಲ್ಲ. ಆದರೆ ಕಬ್ಬಿನ ಸೀಜನ್ನಿನಲ್ಲಿ ಎರಡು ಟ್ರೇಲಿ ಹೇರಿಕೊಂಡು ಹೋಗುವಾಗ ಇಂಜಿನ್ ಗುಟುಕು ಗುಟುಕು ಅಂದು ನಿಲ್ಲುತ್ತದೆ, ಕೈಪಂಪು ಒತ್ತಿದರೆ ಮತ್ತೆ ಚಾಲು ಆಗುತ್ತದೆ, ಎರಡು ಕಿ.ಮೀ. ಹೋಗಿ ಮತ್ತೆ ನಿಲ್ಲುತ್ತದೆ. ನೆಲದ ಮೇಲೆ ಒಂದು ಹನಿ ಡೀಸೆಲ್ ಇರೋದಿಲ್ಲ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ಲನ್ನು ಎಳೆಯುವ ಕೆಲಸ, ದಬ್ಬುವ ಕೆಲಸ ಅಲ್ಲ. ಅಲ್ಲಿ ಕ್ಲಿಪ್ಪು ಸಡಿಲಾದರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಪಂಪು ಬಿಚ್ಚಿಸಿ ಸಾವಿರಗಟ್ಟಲೆ ಖರ್ಚು ಮಾಡುವ ಮೊದಲು ಆ ಕ್ಲಿಪ್ಪುಗಳನ್ನು ನೋಡ್ರಿ. ಕತ್ತಲಲ್ಲಿ ರಸ್ತೆ ಮಧ್ಯೆ, ದೀಪ ಇಲ್ಲದೆ ನಿಂತ ಟ್ರೇಲಿಗೆ ಬಂದು ಗುದ್ದುವ ಬೈಕಿನ ಹುಡುಗನಿಗೆ ನಿಮ್ಮದು ಪೆಟ್ರೋಲೋ ಡೀಸೆಲ್ಲೋ ಎಲ್ಲ ಒಂದೇ.

ಈಗ ಕೆಲಸಕ್ಕೆ ಕೈ ಹಚ್ಚುವ ಮೊದಲಿನ ಮಾತು. ಇಂಜೆಕ್ಷನ್ ಗಾಡಿ ಬಂದ್ ಮಾಡಿ ಎಷ್ಟೋ ಹೊತ್ತಾದರೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಹಾಗೇ ಕ್ಲಿಪ್ಪು ಬಿಚ್ಚಿದರೆ ಪೆಟ್ರೋಲ್ ಕಣ್ಣಿಗೆ ಸಿಡಿಯುತ್ತದೆ. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಇಂಜಿನ್ ಚಾಲು ಮಾಡಿ ತಾನಾಗಿ ನಿಲ್ಲುವತನಕ ಬಿಡಬೇಕು. ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಟ್ಯಾಂಕಿನ ಮುಚ್ಚಳ ಸಡಿಲಿಸಿ, ಕೀಲಿನ ಸುತ್ತ ಬಟ್ಟೆ ಸುತ್ತಿ ಬಿಚ್ಚಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೆ ಹಾರಿ ಹೋಗೋದಿಲ್ಲ, ನೆಲದಲ್ಲಿ ಹರಿದು ಗ್ಯಾರೇಜಿನ ಗುಂಡಿಯಲ್ಲಿ ತುಂಬಿಕೊಳ್ಳುತ್ತದೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳಬಲ್ಲದು ಎಂದ ಮೇಲೆ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಹೇಳುವುದೇ ಬೇಡ. ನಿಪ್ಪಾಣಿಯ ಬೀಡಿಗೆ ಹೆಸರಿದೆ, ಬೀಡಿ ಕಟ್ಟಿ ಮನೆ ನಡೆಸುವ ತಾಯಂದಿರು ಇಲ್ಲೇ ಇದ್ದಾರೆ. ಆದರೂ ಹೇಳುತ್ತೇವೆ, ಪೈಪು ಬಿಚ್ಚಿದ ಜಾಗದಿಂದ ಬೀಡಿ ದೂರ ಇರಲಿ.

ಕೆಲಸ ಮುಗಿದ ಮೇಲೆ ಫ್ಯೂಸು, ಬ್ಯಾಟರಿ ಕೂಡಿಸಿ, ಇಂಜಿನ್ ಚಾಲು ಮಾಡದೆ ಕೀಲಿಕೈಯನ್ನು ಆನ್ ಮಾಡಿ ಎರಡು ಕ್ಷಣ ಬಿಡ್ರಿ. ಪಂಪು ಗುಂಯ್ ಅಂದು ನಿಲ್ಲುತ್ತದೆ. ಹೀಗೆ ಮೂರು ನಾಲ್ಕು ಸಲ ಮಾಡಿದರೆ ಪೈಪಿನಲ್ಲಿ ಪೂರಾ ಒತ್ತಡ ಬರುತ್ತದೆ. ಆಗ ಒಣಗಿದ ಬಿಳೀ ಬಟ್ಟೆಯಿಂದ ಕೀಲನ್ನು ಒರೆಸಿ ನೋಡ್ರಿ, ಒದ್ದೆ ಇಲ್ಲ ಅಂದ ಮೇಲೇ ಚಾಲು ಮಾಡ್ರಿ.

ಇಷ್ಟಾಗಿಯೂ ದಾರಿಯಲ್ಲಿ ಹೊಗೆ ಬಂದರೆ, ಮೊದಲು ಕೀಲಿ ಬಂದ್. ಕೀಲಿ ಬಂದ್ ಆದರೆ ಪಂಪು ನಿಲ್ಲುತ್ತದೆ. ಆಮೇಲೆ ಮಕ್ಕಳನ್ನು ಇಳಿಸಿ ದೂರ ಕಳಿಸಬೇಕು, ಪಾಟೀಚೀಲ ಒಳಗೇ ಇರಲಿ. ಸೀಟನ್ನಾಗಲಿ ಬಾನೆಟ್ಟನ್ನಾಗಲಿ ಪೂರಾ ಎತ್ತಬಾರದು, ಗಾಳಿ ಸಿಕ್ಕರೆ ಬೆಂಕಿ ಏರುತ್ತದೆ. ಸಂದಿಯಿಂದಲೇ ಪುಡಿ ಸಿಲಿಂಡರ್ ಹೊಡೆಯಬೇಕು. ನೀರು ಹಾಕಿದರೆ ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿ ಹರಡುತ್ತದೆ. ಶಾಲಾ ವಾಹನದಲ್ಲಿ ಆ ಸಿಲಿಂಡರ್ ಇರಲೇಬೇಕೆಂಬ ನಿಯಮ ಇದೆ. ಎಫ್.ಸಿ. ದಿನ ಬೇರೆಯವರ ಗಾಡಿಯಿಂದ ಎರವಲು ತಂದು ತೋರಿಸುವುದು ನಮಗೂ ಗೊತ್ತು.

ದೊಡ್ಡ ಕಾರ್ಖಾನೆಗಳೇ ಇಂಥ ಕೀಲುಗಳನ್ನು ಹಗುರಾಗಿ ತಗೊಳ್ಳುವುದಿಲ್ಲ. 2014ರಲ್ಲಿ ಮಾರುತಿ ಕಂಪನಿ ಪೆಟ್ರೋಲ್ ತುಂಬುವ ಕೊರಳಿನ ನಳಿ ಬದಲಿಸಲು ಎರ್ಟಿಗಾ, ಸ್ವಿಫ್ಟ್, ಡಿಜೈರ್ ಸೇರಿ 1,03,311 ಗಾಡಿಗಳನ್ನು ವಾಪಸು ಕರೆಯಿತು. ಅವು ಹೊಸ ಗಾಡಿಗಳು. ನಮ್ಮಲ್ಲಿ ಮೂರು ಕೈ ಬದಲಾಗಿ ಬಂದ ಗಾಡಿಗಳನ್ನು ವಾಪಸು ಕರೆಯುವವರು ಯಾರೂ ಇಲ್ಲ.

ಕಡೆಗೆ ದುಡ್ಡಿನ ಮಾತು. ಡ್ರೈವರನಿಗೆ ತಿಂಗಳ ಪಗಾರ, ಗಾಡಿ ಬೇರೆಯವರದು. "ಮಾಲಕರಿಗೆ ಹೇಳೀನ್ರಿ, ಮುಂದಿನ ತಿಂಗಳ ನೋಡೋಣ ಅಂದಾರ" ಎಂಬುದು ನಮ್ಮ ಕಿವಿಗೆ ಬಿದ್ದ ಮಾತು. ಗ್ಯಾರೇಜಿನ ಹುಡುಗನಿಗೂ ಮಾಲಕರು ತಂದು ಕೊಟ್ಟ ಸಾಮಾನಿನಲ್ಲೇ ಕೆಲಸ ಮಾಡಬೇಕು, ಹೀಗಾಗಿ ತಂತಿ ಸುತ್ತಿದವನನ್ನು ಮಾತ್ರ ಬೈದು ಪ್ರಯೋಜನ ಇಲ್ಲ. (ಹದಿನಾಲ್ಕು ವರ್ಷದೊಳಗಿನ ಮಗುವನ್ನು ಗ್ಯಾರೇಜಿನಲ್ಲಿ ದುಡಿಸುವುದು ಕಾನೂನಿಗೆ ವಿರುದ್ಧ, ಅದನ್ನು ಬೇರೆ ದಿನ ಮಾತಾಡೋಣ.) ಆದ್ದರಿಂದ ಸಂಘದ ತಾಯಂದಿರ ಮುಂದೆ ನಾವು ಒಂದು ವಿಷಯ ಇಡುತ್ತಿದ್ದೇವೆ. ಹಳೇ ಗಾಡಿಗೆ ಸಾಲ ಕೇಳಿ ಅರ್ಜಿ ಬಂದಾಗ, ಮಂಜೂರು ಮಾಡುವ ಮೊದಲು ಒಬ್ಬ ಮೇಸ್ತ್ರಿಯನ್ನು ಕರೆದು ಸೀಟು ಎತ್ತಿಸಿ ಪೆಟ್ರೋಲ್ ದಾರಿ ಪೂರಾ ನೋಡಿಸಬೇಕು. ಪೈಪು, ಕ್ಲಿಪ್ಪು, ಪುಡಿ ಸಿಲಿಂಡರಿನ ಖರ್ಚನ್ನು ಸಾಲದ ಮೊತ್ತದಲ್ಲೇ ಸೇರಿಸಬೇಕು. ಈಗಾಗಲೇ ಓಡುತ್ತಿರುವ ಗಾಡಿಗಳವರು ಮುಂದಿನ ತಿಂಗಳ ಸಭೆಗೆ ಬರುವಾಗ ಬಿಚ್ಚಿದ ಹಳೇ ಕ್ಲಿಪ್ಪು, ಕತ್ತರಿಸಿದ ಹಳೇ ಪೈಪಿನ ತುಂಡು ಒಂದು ಚೀಲದಲ್ಲಿ ಹಾಕಿಕೊಂಡು ಬರ್ರಿ. ಅವನ್ನು ಈ ಟೇಬಲ್ಲಿನ ಮೇಲೇ ಇಟ್ಟು ಎಲ್ಲರೂ ನೋಡೋಣ. ಈಗ ಊಟಕ್ಕೆ ಮೊದಲು ಹೊರಗೆ ನಿಂತಿರುವ ಎರಡು ಓಮ್ನಿಗಳ ಸೀಟು ಎತ್ತಿ ಮೇಸ್ತ್ರಿಯವರು ತೋರಿಸುತ್ತಾರೆ. ಬೀಡಿ, ಕಡ್ಡಿಪೆಟ್ಟಿಗೆ ಇಲ್ಲೇ ಕಿಟಕಿಯ ಮೇಲೆ ಇಟ್ಟು ಬರ್ರಿ.